ಖಂಡಾಲಾದ ಬಂಗಲೆಯಿಂದ ಮಗು ಮಾಯ: ಪತ್ತೇದಾರನಿಗೆ ಇನ್ನೇನು ಕೆಲಸ ಉಳಿದಿದೆ?

ಪ್ರಶ್ನೆ: ನಾನು ಪುಣೆಯ ಕೊಥ್ರೂಡ್‌ನಲ್ಲಿದ್ದೇನೆ. ಮೊದಲ ಸಲ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಮುಂಬೈನ ಮಾಟುಂಗಾದಲ್ಲಿ ಹೋಟೆಲ್ ನಡೆಸುವ, ಕುಂದಾಪುರ ಮೂಲದ ಕುಟುಂಬ. ಖಂಡಾಲಾದಲ್ಲಿ ಅವರಿಗೊಂದು ಹಳೇ ಕಲ್ಲಿನ ಬಂಗಲೆ. ಜುಲೈ ತಿಂಗಳ ಶನಿವಾರ ರಾತ್ರಿ, ಜಡಿಮಳೆ, ಕರೆಂಟಿಲ್ಲ. ಮಹಡಿಯಲ್ಲಿ ಮಲಗಿದ್ದ ಎಂಟು ವರ್ಷದ ಮೊಮ್ಮಗ ಬೆಳಿಗ್ಗೆ ನೋಡಿದರೆ ಇಲ್ಲ. ಕಿಟಕಿ ತೆರೆದಿದೆ, ಹೊರಗೆ ಏಣಿ, ಕೆಸರಿನಲ್ಲಿ ಹೆಜ್ಜೆ, ದಿಂಬಿನ ಪಕ್ಕ ಕ್ಲೋರೋಫಾರ್ಮ್ ವಾಸನೆಯ ಕರವಸ್ತ್ರ. ಎರಡು ಕೋಟಿ ಕೇಳಿ ಫೋನ್ ಬರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆಯದೆ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಮನೆಯವರು ಪಕ್ಕದ ಬಂಗಲೆಯ ನಿವೃತ್ತ ಪ್ರಾಧ್ಯಾಪಕರ ಮೊರೆ ಹೋಗುತ್ತಾರೆ. ಅವರು ಅಪಹರಣಕಾರನನ್ನು ಒಂದು ನಿಮಿಷ ಮಾತಿನಲ್ಲಿ ಹಿಡಿದಿಟ್ಟು ಜಾಗ ಪತ್ತೆ ಮಾಡಿಸುತ್ತಾರೆ. ಕೊನೆಗೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಇನ್ಸ್‌ಪೆಕ್ಟರ್ ಎದುರಿಗೇ ತಪ್ಪಿತಸ್ಥನ ಬಾಯಿ ಬಿಡಿಸುತ್ತಾರೆ. ವಕೀಲರಾದ ನನ್ನ ಷಡ್ಡಕರು ಇದನ್ನೋದಿ ನಕ್ಕುಬಿಟ್ಟರು. ಮೊಬೈಲು, ಕ್ಯಾಮೆರಾ ಬಂದ ದಿನವೇ ಬಂಗಲೆ ರಹಸ್ಯದ ಕಥೆ ಮುಗಿಯಿತು, ಬೇಕಾದರೆ 1975ಕ್ಕೆ ಹೋಗಿ ಬರೆಯಿರಿ ಎನ್ನುತ್ತಾರೆ. ಕಥೆಯನ್ನು ಹಿಂದಕ್ಕೆ ಒಯ್ಯಲೇ, ಇಲ್ಲೇ ಉಳಿಸಿಕೊಳ್ಳಲೇ?

ಉತ್ತರ: ನಿಮ್ಮ ಷಡ್ಡಕರ ನಗುವಿನಲ್ಲಿ ಅರ್ಧ ನ್ಯಾಯವಿದೆ. ಅವರು ನಕ್ಕ ಜಾಗಗಳೆಲ್ಲ ದುರಸ್ತಿಗೆ ಸಿಗುವಂಥವು, ಒಂದೊಂದಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಅವರ ಕಣ್ಣಿಗೆ ಬೀಳದ ದೊಡ್ಡ ತೊಡಕೊಂದಿದೆ. ಅದಕ್ಕೂ ಮೊಬೈಲಿಗೂ ಸಂಬಂಧವಿಲ್ಲ.

ಬಂಗಲೆ ರಹಸ್ಯಕ್ಕೂ ಅಪಹರಣಕ್ಕೂ ಹುಟ್ಟಿನಿಂದಲೇ ಜಗಳ. ಬಂಗಲೆ ರಹಸ್ಯದ ಸೊಗಸೆಲ್ಲ ಇರುವುದು ಮುಚ್ಚಿದ ಬಾಗಿಲಿನಲ್ಲಿ. ಕೊಲೆಯಾದರೆ ಹೆಣ ಅಲ್ಲೇ ಇರುತ್ತದೆ, ಕೊಂದವನೂ ಅಲ್ಲೇ ಉಳಿದವರ ಜೊತೆ ಕಾಫಿ ಕುಡಿಯುತ್ತಿರುತ್ತಾನೆ. ಅಪಹರಣವಾದರೆ ಮಗು ಹೊರಗೆ, ಒಯ್ದವನು ಹೊರಗೆ, ಫೋನು ಬರುವುದೂ ಹೊರಗಿನಿಂದ. ಕಥೆ ಮೂರನೇ ಅಧ್ಯಾಯಕ್ಕೇ ಬಂಗಲೆ ಬಿಟ್ಟು ಹೆದ್ದಾರಿಗೆ ಓಡುತ್ತದೆ, ಒಳಗೆ ಕೂತ ಎಂಟು ಜನ ಸುಮ್ಮನೆ ಅಳುವವರಾಗುತ್ತಾರೆ. ನಿಮ್ಮ ಕಥೆಯ ಸಾರಾಂಶದಲ್ಲೂ ಹೀಗೇ ಆಗಿದೆ. ‘ಹೇಗೆ ಒಯ್ದ’ ಎಂದು ಕೇಳುತ್ತಿರುವವರೆಗೂ ಕಥೆ ಹೊರಗೇ ಇರುತ್ತದೆ. ‘ಅವನಿಗೆ ಹೇಗೆ ಗೊತ್ತಾಯಿತು’ ಎಂದು ಕೇಳಿದ ಕ್ಷಣ ಮನೆಯೊಳಗೆ ಬರುತ್ತದೆ. ಮಗು ಆ ರಾತ್ರಿ ಆ ಕೋಣೆಯಲ್ಲೇ ಮಲಗುತ್ತದೆಂದು ಯಾರಿಗೆ ಗೊತ್ತಿತ್ತು? ಅಜ್ಜನ ಬಳಿ ಎರಡು ಕೋಟಿ ನಗದಾಗಿ ಹೊರಡುತ್ತದೆಂದು ಯಾರಿಗೆ ಗೊತ್ತಿತ್ತು? ಆ ಕಿಟಕಿಯ ಚಿಲಕ ಸರಿಯಾಗಿ ಕೂರುವುದಿಲ್ಲವೆಂದು?

ಹಳ್ಳಿಮನೆಯ ಅಪಹರಣ ಎಂದರೆ ಜಗತ್ತು ಮೊದಲು ನೆನೆಯುವ ಪ್ರಕರಣ ಈ ಪ್ರಶ್ನೆಯ ಮೇಲೇ ನಿಂತಿದೆ. 1932ರ ಮಾರ್ಚ್ 1, ಮಂಗಳವಾರ. ಅಮೆರಿಕದ ನ್ಯೂಜೆರ್ಸಿಯ ಹೋಪ್‌ವೆಲ್ ಬಳಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಕಟ್ಟಿಸಿದ ಮನೆಯ ಮಹಡಿಯಿಂದ 20 ತಿಂಗಳ ಮಗು ಕಾಣೆಯಾಯಿತು. ಕೋಣೆಯಲ್ಲಿ 50,000 ಡಾಲರ್ ಕೇಳುವ ಚೀಟಿ ಇತ್ತು. ಹೊರಗೆ ಕೈಯಾರೆ ಮಾಡಿದ, ಮೂರು ತುಂಡಿನ ಮರದ ಏಣಿ ಸಿಕ್ಕಿತು. ಕುಟುಂಬ ಅಲ್ಲಿಗೆ ಬರುತ್ತಿದ್ದದ್ದು ವಾರದ ಕೊನೆಗೆ. ವಾರದ ದಿನಗಳಲ್ಲಿ ಎಂಗಲ್‌ವುಡ್‌ನ ಅತ್ತೆ ಮನೆಯಲ್ಲಿರುತ್ತಿದ್ದರು. ಆ ಸಲ ಮಗುವಿಗೆ ನೆಗಡಿಯಾಗಿ ಉಳಿದುಕೊಂಡಿದ್ದರು. ಹಾಗಾದರೆ ಮಂಗಳವಾರವೂ ಮಗು ಅಲ್ಲೇ ಇದೆಯೆಂದು ಒಯ್ದವನಿಗೆ ಹೇಳಿದವರಾರು? ಪೊಲೀಸರ ಅನುಮಾನ ಅತ್ತೆ ಮನೆಯ ಕೆಲಸದಾಕೆಯ ಮೇಲೆ ಬಿತ್ತು. ವಿಚಾರಣೆಯ ಮೇಲೆ ವಿಚಾರಣೆ ನಡೆಯಿತು. ಜೂನ್ ತಿಂಗಳಲ್ಲಿ ಆಕೆ ವಿಷ ಕುಡಿದು ಸತ್ತಳು. ಆ ರಾತ್ರಿ ತಾನೆಲ್ಲಿದ್ದೆನೆಂದು ಆಕೆ ಹೇಳಿದ್ದು ನಿಜವೆಂದು ಆಮೇಲೆ ತಿಳಿಯಿತು. 1934ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದವನು ಬ್ರೂನೋ ರಿಚರ್ಡ್ ಹಾಪ್ಟ್‌ಮನ್ ಎಂಬ ಬಡಗಿ. ಒತ್ತೆಹಣದ ನೋಟೊಂದನ್ನು ಪೆಟ್ರೋಲ್ ಬಂಕಿನಲ್ಲಿ ಕೊಟ್ಟಿದ್ದ. ಬಂಕಿನವನು ಅನುಮಾನದಿಂದ ಕಾರಿನ ನಂಬರನ್ನು ಅದೇ ನೋಟಿನ ಮೇಲೆ ಬರೆದಿಟ್ಟಿದ್ದ. ಏಣಿಯ ಒಂದು ಪಟ್ಟಿ ಅವನ ಮನೆಯ ಅಟ್ಟದ ಹಲಗೆಗೆ ಹೊಂದುತ್ತದೆಂದು ಮರದ ತಜ್ಞರು ನ್ಯಾಯಾಲಯದಲ್ಲಿ ಹೇಳಿದರು. 1936ರ ಏಪ್ರಿಲ್‌ನಲ್ಲಿ ಮರಣದಂಡನೆಯೂ ಆಯಿತು. ಆದರೆ ‘ಅವನಿಗೆ ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ.

ಹೆಜ್ಜೆ ಗುರುತು, ಏಣಿ, ಚೀಟಿ ಎಲ್ಲ ಸಿಕ್ಕಿದ್ದ ಪ್ರಕರಣ ಅದು. ಹೆಜ್ಜೆ ಅಳತೆಗೇ ಬರಲಿಲ್ಲ. ಎರಡೂವರೆ ವರ್ಷ ಕಾದದ್ದು ಒಂದು ನೋಟಿಗಾಗಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಬಂಗಲೆಗೆ ಬರೋಣ.

ಮೊದಲು ಏಣಿ. ಲಿಂಡ್‌ಬರ್ಗ್ ಮಗು ಎರಡು ವರ್ಷವೂ ತುಂಬದ ಕೂಸು, ಆದರೂ ಆ ಏಣಿ ಮುರಿದಿತ್ತು. ನಿಮ್ಮ ಹುಡುಗನಿಗೆ ಎಂಟು ವರ್ಷ, ತೂಕ 22ರಿಂದ 25 ಕಿಲೋ, ಅಂದರೆ ಒಂದು ಅಕ್ಕಿ ಮೂಟೆ. ಜುಲೈ ಮಳೆಯಲ್ಲಿ, ಕತ್ತಲಲ್ಲಿ, ಪಾಚಿ ಕಟ್ಟಿದ ಕಲ್ಲುಗೋಡೆಗೆ ಒರಗಿಸಿದ ಏಣಿಯಿಂದ, ಜೋಲುವ ಅಕ್ಕಿ ಮೂಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಯಲು ಹೇಳಿ ನೋಡಿ. ಏಣಿಯ ಕಾಲು ಕೆಸರಿನಲ್ಲಿ ಆಳವಾಗಿ ಇಳಿದಿರಬೇಕು. ಇಬ್ಬರ ಭಾರ ಬಿದ್ದ ಗುಂಡಿಗೂ ಬರೀ ಏಣಿ ನಿಲ್ಲಿಸಿದ ಗುಂಡಿಗೂ ವ್ಯತ್ಯಾಸವಿದೆ. ನಿಮ್ಮ ಪ್ರಾಧ್ಯಾಪಕರು ಕಾಣಬೇಕಾದ ಮೊದಲ ಸುಳಿವು ಇದೇ: ಗುಂಡಿ ಎರಡೇ ಬೆರಳು ಆಳ. ಆ ಏಣಿಯಿಂದ ಯಾರೂ ಇಳಿದಿಲ್ಲ. ಮಗು ಮೆಟ್ಟಿಲಿಳಿದು, ಮುಂಬಾಗಿಲಿನಿಂದ, ತನ್ನ ಕಾಲಮೇಲೆ ನಡೆದು ಹೋಗಿದೆ.

ಇದರಿಂದ ಕ್ಲೋರೋಫಾರ್ಮ್ ತಾನಾಗಿಯೇ ಬಿದ್ದುಹೋಗುತ್ತದೆ, ಒಳ್ಳೆಯದೇ ಆಯಿತು. ಕರವಸ್ತ್ರ ಮೂಗಿಗೆ ಒತ್ತಿದೊಡನೆ ಮನುಷ್ಯ ಕುಸಿಯುವುದು ಸಿನಿಮಾದಲ್ಲಿ ಮಾತ್ರ. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ಹೆರಿಗೆಯಲ್ಲಿ ಬಳಸಲು ಆರಂಭಿಸಿದಾಗಿನಿಂದ ವೈದ್ಯರಿಗೆ ಗೊತ್ತಿರುವ ಸಂಗತಿ ಇದು: ಪ್ರಜ್ಞೆ ತಪ್ಪಲು ನಿಮಿಷಗಳು ಬೇಕು, ಅಷ್ಟು ಹೊತ್ತೂ ರೋಗಿ ಕೊಸರಾಡುತ್ತಾನೆ, ತುಸು ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಆ ದ್ರವ ತಾಗಿದಲ್ಲಿ ಚರ್ಮವೂ ಉರಿಯುತ್ತದೆ. ಅದು ಬೇಗ ಆವಿಯಾಗುವುದರಿಂದ ಬೆಳಗಿನವರೆಗೆ ಕರವಸ್ತ್ರದಲ್ಲಿ ಘಮ್ಮೆನ್ನುತ್ತಿರುವುದೂ ಅನುಮಾನ ಹುಟ್ಟಿಸಬೇಕು. ಕರವಸ್ತ್ರವನ್ನು ತೆಗೆಯಬೇಡಿ, ಇಟ್ಟುಕೊಳ್ಳಿ. ಅದನ್ನು ಬೆಳಗಿನ ಜಾವ ತಂದಿಟ್ಟದ್ದು ಯಾರು ಎಂಬುದನ್ನು ಪ್ರಶ್ನೆಯಾಗಿಸಿ. ಏಣಿಯೂ ಕರವಸ್ತ್ರವೂ ‘ಹೊರಗಿನವರು ಬಂದಿದ್ದರು’ ಎಂದು ಕೂಗುತ್ತಿವೆ. ಅಷ್ಟು ಜೋರಾಗಿ ಕೂಗಿಸುವವರು ಒಳಗಿನವರೇ.

ಹೆಜ್ಜೆ ಗುರುತಿನ ಬಗ್ಗೆ ಒಂದು ಮಾತು. ಲೋನಾವಾಲಾ–ಖಂಡಾಲಾ ಸುಮಾರು 620 ಮೀಟರ್ ಎತ್ತರದ ಘಟ್ಟದ ಅಂಚು. ಜುಲೈನಲ್ಲಿ ಅಲ್ಲಿ ಸುರಿಯುವ ಮಳೆಗೆ ಬಯಲಿನ ಹೆಜ್ಜೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಸೂರಿನ ಕೆಳಗೆ, ವರಾಂಡದ ಅಂಚಿನ ಮಣ್ಣಿನಲ್ಲಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಉಳಿಯುತ್ತದೆ. ಅಚ್ಚು ತೆಗೆಯಲು ಈಗ ಹೆಚ್ಚಾಗಿ ಬಳಸುವುದು ಹಲ್ಲಿನ ವೈದ್ಯರ ಡೆಂಟಲ್ ಸ್ಟೋನ್ ಪುಡಿ. ಒಂದು ಕಿಲೋ ಪುಡಿಗೆ ಹೆಚ್ಚುಕಡಿಮೆ 350 ಮಿಲಿಲೀಟರ್ ನೀರು, ದೋಸೆ ಹಿಟ್ಟಿನ ಹದ. ಗುರುತಿನ ಮೇಲೆ ನೇರ ಸುರಿದರೆ ಅಚ್ಚು ಕೆಡುತ್ತದೆ, ಪಕ್ಕದಲ್ಲಿ ಸುರಿದು ಹರಿದು ತುಂಬಲು ಬಿಡಬೇಕು. ಅರ್ಧ ಗಂಟೆಯಾದರೂ ಬಿಟ್ಟು ಎತ್ತಬೇಕು, ಚಳಿ ಮಳೆಯಲ್ಲಿ ಇನ್ನೂ ಹೆಚ್ಚು. ಪೂರ್ತಿ ಒಣಗಲು ಒಂದೆರಡು ದಿನ. ಅದಕ್ಕೂ ಮೊದಲು ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದಿರಬೇಕು. ಶ್ವಾನದಳವನ್ನು ತರುವುದಾದರೆ ಹುಡುಗನ ತೊಳೆಯದ ಬಟ್ಟೆ ಬೇಕು. ಆ ಬಟ್ಟೆಯನ್ನು ಮನೆಯವರೆಲ್ಲ ಎದೆಗೊತ್ತಿಕೊಂಡು ಅತ್ತಿದ್ದರೆ ಅದು ಮುಗಿದ ಹಾಗೆಯೇ. ಸಣ್ಣ ತೇವ ವಾಸನೆಯನ್ನು ಹಿಡಿದಿಡುತ್ತದೆ, ಜಡಿಮಳೆ ತೊಳೆದುಹಾಕುತ್ತದೆ. ನಾಯಿ ಗೇಟಿನ ತನಕ ಹೋಗಿ ನಿಂತಿತು ಎಂದಷ್ಟೇ ಬರೆಯಿರಿ, ಸಾಕು. ನಾಯಿಯ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ತೂಕವೂ ಕಡಿಮೆ.

ಇನ್ನು ಇಪ್ಪತ್ತನಾಲ್ಕು ಗಂಟೆಯ ಮಾತು. ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಮಗು ಕಾಣೆಯಾದ ದೂರು ಬಂದರೆ ಅಪಹರಣವೆಂದೇ ಮೊದಲಿಗೆ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠವು ಸಂಜ್ಞೇಯ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ, ಮಾಟುಂಗಾದ ಠಾಣೆಯಲ್ಲೂ ದೂರು ಕೊಡಬಹುದು, ಅವರು ಅದನ್ನು ಘಟನೆ ನಡೆದ ಜಾಗದ ಠಾಣೆಗೆ ಕಳಿಸುತ್ತಾರೆ. 112ಕ್ಕೆ ಕರೆ ಮಾಡಿದರೂ ಸರಿ. ಆದ್ದರಿಂದ ನಿಮ್ಮ ಮನೆಯವರು ಪೊಲೀಸರಿಗೆ ಹೇಳದಿರಲು ನಿಯಮದ ನೆಪ ಆಗದು. ‘ಹೇಳಿದರೆ ಹುಡುಗನ ಹೆಣ ನೋಡುತ್ತೀರಿ’ ಎಂಬ ಬೆದರಿಕೆ ಆಗುತ್ತದೆ, ಅದೇ ನಿಜಜೀವನದ ಕಾರಣವೂ ಹೌದು. ಅಥವಾ ಪೊಲೀಸರು ಬೇಡವೆಂದು ಮನೆಯೊಳಗಿನ ಒಬ್ಬರು ಮಿಕ್ಕವರಿಗಿಂತ ಒಂದು ಕಾಳು ಹೆಚ್ಚೇ ಹಟ ಹಿಡಿಯಲಿ. ಓದುಗ ಅದನ್ನು ಭಯವೆಂದು ತಿಳಿದು ಮುಂದೆ ಹೋಗುತ್ತಾನೆ.

ಇದರಲ್ಲೊಂದು ಅಪಾಯವಿದೆ, ಗೊತ್ತಿರಲಿ. ಒತ್ತೆಹಣಕ್ಕಾಗಿ ಅಪಹರಣವಾಗಿದೆ ಎಂದು ತಿಳಿದವರು ಸರಿಯಾದ ಕಾರಣವಿಲ್ಲದೆ ತಿಳಿಸದಿರುವಂತಿಲ್ಲ. ಅದೇ ಸಂಹಿತೆಯ 33ನೇ ಕಲಮು ಸಾರ್ವಜನಿಕರ ಮೇಲೆ ಹೊರಿಸಿರುವ ಹೊಣೆ ಇದು. ಹೆತ್ತವರ ಭಯವನ್ನು ನ್ಯಾಯಾಧೀಶರು ಅರ್ಥಮಾಡಿಕೊಂಡಾರು. ಪಕ್ಕದ ಬಂಗಲೆಯ ಪ್ರಾಧ್ಯಾಪಕರು ಸಿಗಾರು ಸೇದುತ್ತಾ ಮೂರು ದಿನ ತನಿಖೆ ನಡೆಸಿದ್ದನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಫೋನಿನ ಒಂದು ನಿಮಿಷ ಹಳೇ ಎಕ್ಸ್‌ಚೇಂಜುಗಳ ಕಾಲದ ಪಳೆಯುಳಿಕೆ. ಆಗ ನೌಕರನೊಬ್ಬ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ತಂತಿಯ ಜಾಡು ಹಿಡಿದು ಓಡಬೇಕಿತ್ತು, ಕರೆ ಕಡಿದರೆ ಜಾಡೂ ಕಡಿಯುತ್ತಿತ್ತು. ಈಗ ರಿಂಗಾಗುವ ಮೊದಲೇ ಯಾವ ನಂಬರು, ಯಾವ ಟವರಿನ ಯಾವ ಮಗ್ಗುಲು ಎಂಬುದು ಕಂಪನಿಯ ಯಂತ್ರದಲ್ಲಿ ದಾಖಲಾಗಿರುತ್ತದೆ. ಆದರೆ ಟವರು ಎಂದರೆ ವಿಳಾಸವಲ್ಲ. ಸಾಮಾನ್ಯವಾಗಿ ಒಂದು ಟವರಿಗೆ 120 ಡಿಗ್ರಿಯ ಮೂರು ಮಗ್ಗುಲು, ಊರಾಚೆ ಒಂದು ಮಗ್ಗುಲು ಹಲವು ಕಿಲೋಮೀಟರು ಹರಡಿರುತ್ತದೆ. ಘಟ್ಟದ ಅಂಚಿನಲ್ಲಿ ಇನ್ನೂ ತಮಾಷೆ. ಖಂಡಾಲಾದ ಕಣಿವೆಯಂಚಿಗೆ ನಿಂತವನ ಫೋನು, ಅಡ್ಡಿಯಿಲ್ಲದೆ ಕಾಣುವ ಕೆಳಗಿನ ಖೋಪೋಲಿ ಕಡೆಯ ಟವರನ್ನು ಹಿಡಿಯಬಹುದು. ದಾಖಲೆ ನೋಡಿದವರು ಅಪಹರಣಕಾರ ರಾಯಗಡ ಜಿಲ್ಲೆಗೆ ಇಳಿದಿದ್ದಾನೆಂದು ತಿಳಿದು ಅತ್ತ ಓಡುತ್ತಾರೆ, ಅವನು ನಿಮ್ಮ ಬಂಗಲೆಯ ಹಿತ್ತಲಿನಲ್ಲೇ ಇರುತ್ತಾನೆ. ಮೊಬೈಲು ಬಂಗಲೆ ರಹಸ್ಯವನ್ನು ಕೊಂದಿತೆನ್ನುವ ನಿಮ್ಮ ಷಡ್ಡಕರಿಗೆ ಈ ಪುಟ ತೋರಿಸಿ.

ಆದರೆ ಈ ದಾಖಲೆ ಪ್ರಾಧ್ಯಾಪಕರ ಕೈಗೆ ಬರುವಂತಿಲ್ಲ. ಕರೆ ವಿವರ ಪಡೆಯಲು ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕ ಕೇಳಬೇಕು. ಮಾತು ಕದ್ದು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಆದೇಶ ಬೇಕು. ತುರ್ತಿನಲ್ಲಿ ಐಜಿ ದರ್ಜೆಯ ಅಧಿಕೃತ ಅಧಿಕಾರಿ ಕೊಟ್ಟ ಆದೇಶಕ್ಕೆ ಆಮೇಲೆ ಒಪ್ಪಿಗೆ ಸಿಗಬೇಕು. ‘ಟೆಲಿಕಾಂನಲ್ಲಿರುವ ನನ್ನ ಹಳೇ ಶಿಷ್ಯ’ ಎಂಬ ಪಾತ್ರವನ್ನು ದಯವಿಟ್ಟು ತರಬೇಡಿ. ಹೀಗೆ ಕರೆ ವಿವರ ಮಾರಿದ ಪ್ರಕರಣದಲ್ಲಿ 2018ರಲ್ಲಿ ಥಾಣೆ ಪೊಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು. ನಮ್ಮಲ್ಲಿ ಖಾಸಗಿ ಪತ್ತೇದಾರನಿಗೆ ಪರವಾನಗಿ ಕೊಡುವ ಪ್ರತ್ಯೇಕ ಕಾನೂನೂ ಇಲ್ಲ, ವಿಶೇಷ ಅಧಿಕಾರವೂ ಇಲ್ಲ. ಎಲ್ಲ ನಾಗರಿಕರಿಗೂ ಇರುವುದು ಒಂದೇ: ತನ್ನ ಕಣ್ಣೆದುರಿಗೆ ಜಾಮೀನಿಲ್ಲದ ಸಂಜ್ಞೇಯ ಅಪರಾಧ ನಡೆದರೆ ಹಿಡಿದು, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು.

ಹಾಗಾದರೆ ಪ್ರಾಧ್ಯಾಪಕರಿಗೆ ಉಳಿದದ್ದೇನು? ಮನೆಯೊಳಗೆ ಕಣ್ಣಿಗೆ ಬೀಳುವ, ಯಾರ ಅನುಮತಿಯೂ ಬೇಡದ ಸಾಮಾನು. ಅದು ಬೇಕಾದಷ್ಟಿದೆ, ನನ್ನ ಮಟ್ಟಿಗೆ ಇಂದಿನ ಬಂಗಲೆ ರಹಸ್ಯದ ಜೀವಾಳವೇ ಅದು.

ಕರೆಂಟನ್ನೇ ತೆಗೆದುಕೊಳ್ಳಿ. ಕ್ಯಾಮೆರಾ ಆಫ್ ಮಾಡಲು ನೀವು ಮಳೆಗೆ ಕರೆಂಟು ತೆಗೆಸಿದ್ದೀರಿ. ಲೇಖಕರು ತಮ್ಮ ಅನುಕೂಲಕ್ಕೆ ಹೀಗೆ ಮಾಡಿದರೆ ಓದುಗ ಮುನಿಯುತ್ತಾನೆ, ಅಪರಾಧಿಯ ಅನುಕೂಲಕ್ಕೆ ಮಾಡಿದರೆ ಕುತೂಹಲಗೊಳ್ಳುತ್ತಾನೆ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಫೀಡರು (ಒಂದು ಪ್ರದೇಶಕ್ಕೆ ಕರೆಂಟು ಒಯ್ಯುವ ತಂತಿ) ಹೋದರೆ ಸಬ್‌ಸ್ಟೇಷನ್ನಿನ ದಾಖಲೆಯಲ್ಲಿ ಹೋದ ಹೊತ್ತು, ಬಂದ ಹೊತ್ತು ಇರುತ್ತದೆ, ಅಕ್ಕಪಕ್ಕದ ಬಂಗಲೆಗಳೂ ಕತ್ತಲಾಗಿರುತ್ತವೆ. ನಿಮ್ಮ ಪ್ರಾಧ್ಯಾಪಕರು ಪಕ್ಕದ ಮನೆಯವರೇ ತಾನೆ! ಅವರು ಆ ರಾತ್ರಿ ಒಂದೂವರೆಗೆ ದೀಪ ಹಾಕಿಕೊಂಡು ಓದುತ್ತಿದ್ದರು. ಅಂದರೆ ಕತ್ತಲಾದದ್ದು ಒಂದೇ ಮನೆ, ಯಾರೋ ಮೇನ್ ಸ್ವಿಚ್ಚಿಗೆ ಕೈ ಹಾಕಿದ್ದಾರೆ. ಆ ಸ್ವಿಚ್ಚು ಅಡುಗೆಮನೆಯ ಹಿಂದಿನ ಕಪಾಟಿನೊಳಗಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಇನ್ವರ್ಟರಿಗೆ ಯಾವ ಯಾವುದು ಜೋಡಿಸಿದೆ ಎಂಬುದೂ ಹಾಗೆಯೇ. ವೈಫೈ ರೂಟರು ಇನ್ವರ್ಟರಿನ ಮೇಲಿದ್ದು ಕ್ಯಾಮೆರಾದ ಚಿತ್ರ ಉಳಿಸಿಡುವ ಡಿವಿಆರ್ ಪೆಟ್ಟಿಗೆ ಅದರ ಮೇಲೆ ಇಲ್ಲದಿದ್ದರೆ, ಅಷ್ಟು ಹೊತ್ತೂ ವೈಫೈ ನಡೆದು ಚಿತ್ರ ಮಾತ್ರ ನಿಂತಿರುತ್ತದೆ. ‘ಆ ಹೊತ್ತಿನಲ್ಲಿ ನೆಟ್ಟೇ ಇರಲಿಲ್ಲ’ ಎಂದು ಹೇಳಿದವರು ಸುಳ್ಳು ಹೇಳಿದಂತಾಯಿತು.

ಡಿವಿಆರ್ ಗಡಿಯಾರ ಇನ್ನೊಂದು ಚಿನ್ನದ ಗಣಿ. ಇಂಟರ್‌ನೆಟ್ಟಿಗೆ ಜೋಡಿಸದ ಡಿವಿಆರ್ ಗಡಿಯಾರ ತಿಂಗಳುಗಳಲ್ಲಿ ಹಲವು ನಿಮಿಷ ಮುಂದೋ ಹಿಂದೋ ಸರಿದಿರುತ್ತದೆ. ತಿಳಿದ ತನಿಖಾಧಿಕಾರಿ ಚಿತ್ರ ತೆಗೆಯುವ ಮೊದಲು ಪರದೆಯ ಸಮಯ, ನಿಜ ಸಮಯ ಎರಡನ್ನೂ ಪಂಚನಾಮೆಯಲ್ಲಿ ಬರೆಸುತ್ತಾರೆ. ಹದಿನೇಳು ನಿಮಿಷದ ವ್ಯತ್ಯಾಸ ಒಬ್ಬನಿಗೆ ಸುಳ್ಳು ರಕ್ಷಣೆ ಕೊಟ್ಟು, ಇನ್ನೊಬ್ಬನನ್ನು ಸುಳ್ಳೇ ಸಿಕ್ಕಿಸಬಲ್ಲದು. ಒಂದು ಎಚ್ಚರಿಕೆ: ಪ್ರಾಧ್ಯಾಪಕರು ಹಾರ್ಡ್‌ಡಿಸ್ಕನ್ನು ತಾವೇ ಬಿಚ್ಚಿಕೊಂಡು ಹೋಗಬಾರದು. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಖ್ಯೆ) ಎಲ್ಲ ಬೇಕು, ಕೈಬದಲಾದ ಡಿಸ್ಕನ್ನು ಎದುರಿನ ವಕೀಲರು ಹರಿದುಹಾಕುತ್ತಾರೆ. ಪರದೆಯ ಮುಂದೆ ಕೂತು ನೋಡಲಿ, ಅಷ್ಟೇ.

ಮೂರನೆಯದು ನನಗೆ ಬಲು ಇಷ್ಟವಾದದ್ದು: ಫಾಸ್ಟ್ಯಾಗ್. ಮನೆಯ ಕಾರು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮುಂಬೈ ಕಡೆಗೆ ಇಳಿದರೆ ಖಾಲಾಪುರ ಟೋಲಿನಲ್ಲಿ ಹಣ ಕಡಿತವಾಗುತ್ತದೆ, ಎಸ್ಸೆಮ್ಮೆಸ್ಸು ಓಡಿಸಿದವನಿಗೆ ಬರುವುದಿಲ್ಲ, ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಬರುತ್ತದೆ. ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿಯೂ ಬರುತ್ತದೆ. ಅಪಹರಣದ ಗಲಾಟೆಯಲ್ಲಿ ಅಜ್ಜನ ಫೋನಿಗೆ ಬಂದ ಆ ಒಂದು ಸಂದೇಶವನ್ನು ಯಾರು ಓದುತ್ತಾರೆ? ಟೋಲು ತಪ್ಪಿಸಲು ಅಪರಾಧಿ ಬೈಕ್ ಹಿಡಿದರೆ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ, ಹಳೇ ಘಾಟಿನಲ್ಲೇ ಇಳಿಯಬೇಕು. ಮಂಜು, ಮಳೆ, ಲಾರಿಗಳ ಸಾಲು, ಅದಕ್ಕೆ ಬೇರೆಯೇ ಲೆಕ್ಕದ ಹೊತ್ತು ಬೇಕು. ಯಾವ ದಾರಿಯಲ್ಲಿ ಎಷ್ಟು ಹೊತ್ತು ಎಂಬುದನ್ನು ನೀವೇ ಒಮ್ಮೆ ಮಳೆಗಾಲದ ರಾತ್ರಿ ಹೋಗಿ ಗುರುತು ಹಾಕಿಕೊಂಡು ಬನ್ನಿ, ಪುಣೆಯಿಂದ ದೂರವೇನಲ್ಲ.

ಹಣದ ಲೆಕ್ಕ ಸರಿಪಡಿಸಲೇಬೇಕು. ‘ಬ್ರೀಫ್‌ಕೇಸಿನಲ್ಲಿ ಎರಡು ಕೋಟಿ’ ಎಂದು ನೀವು ಬರೆದಿದ್ದರೆ ಅಳಿಸಿಬಿಡಿ. ಎರಡು ಸಾವಿರದ ನೋಟನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದ ಮೇಲೆ ಉಳಿದ ದೊಡ್ಡ ನೋಟು ಐನೂರರದು. ಎರಡು ಕೋಟಿಗೆ 40,000 ನೋಟು, ನೂರರ 400 ಕಟ್ಟು. ಒಂದು ನೋಟು ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುವುದರಿಂದ ಒಟ್ಟು 40 ಕಿಲೋಗೂ ಮೇಲೆ. ಎರಡು ದೊಡ್ಡ ಸೂಟ್‌ಕೇಸು, ಹೊರಲು ಗಟ್ಟಿಮುಟ್ಟಾದ ಆಳು, ಇಲ್ಲವೇ ಕಾರು. ಚಲಿಸುವ ರೈಲಿನಿಂದ ಎಸೆಯುವುದೆಲ್ಲ ಆಮೇಲಿನ ಮಾತು. ಹೊಸ ಕಟ್ಟಾದರೆ ಮೊದಲ ಮತ್ತು ಕೊನೆಯ ಸಂಖ್ಯೆ ಬರೆದರೆ ಸಾಕು, ಹಳೇ ನೋಟಾದರೆ 40,000 ನೋಟಿನ ಚಿತ್ರ ತೆಗೆಯಬೇಕು. ಹೋಟೆಲಿನವರ ಬಳಿ ಇರುವುದು ಹಳೇ ನೋಟೇ. ಅದೂ ಐವತ್ತು, ನೂರರವು ಸಾಕಷ್ಟು. ಇಷ್ಟು ನಗದು ಭಾನುವಾರ ಬೆಳಿಗ್ಗೆ ಹೊರಡುತ್ತದೆಂದು ಧೈರ್ಯವಾಗಿ ಕೇಳಿದವನಿಗೆ ಮನೆಯ ವ್ಯವಹಾರ ಗೊತ್ತಿರಲೇಬೇಕು. ಮತ್ತೆ ಅದೇ ಪ್ರಶ್ನೆಗೆ ಬಂದೆವು, ನೋಡಿ.

ಬೆದರಿಕೆಯ ಮಾತನ್ನು ಜಾಗ್ರತೆಯಿಂದ ಬರೆಯಿರಿ. ಒತ್ತೆಹಣದ ಅಪಹರಣಕ್ಕೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 140(2), ಮರಣದಂಡನೆ ಅಥವಾ ಜೀವಾವಧಿ. ಆದರೆ ಒಯ್ದದ್ದು, ಹಣ ಕೇಳಿದ್ದು ಇಷ್ಟೇ ಸಾಲದು. ಕೊಲ್ಲುವ ಅಥವಾ ನೋಯಿಸುವ ಬೆದರಿಕೆ, ಇಲ್ಲವೇ ಅಂಥ ಭಯ ಹುಟ್ಟಿಸುವ ನಡತೆ ಸಾಬೀತಾಗಬೇಕು. ಇದೇ ಅಪರಾಧಕ್ಕಿದ್ದ ಹಳೇ ಭಾರತೀಯ ದಂಡ ಸಂಹಿತೆಯ 364ಎ ಕಲಮಿನ ಕುರಿತು ಸುಪ್ರೀಂ ಕೋರ್ಟ್ 2021ರಲ್ಲಿ ಶೇಖ್ ಅಹ್ಮದ್ ಪ್ರಕರಣದಲ್ಲಿ ಇದನ್ನೇ ಹೇಳಿ ಆ ಶಿಕ್ಷೆಯನ್ನು ಬದಲಿಸಿತು. ಅಪರಾಧಿ ಹುಡುಗನ ತಂದೆಯೇ ಆದರೆ? ನಿಮ್ಮ ಪಟ್ಟಿಯಲ್ಲಿ ಸಾಲ ಮಾಡಿಕೊಂಡ ಮಗ ಒಬ್ಬನಿದ್ದರೆ ಆ ಆಸೆ ಬಂದೇ ಬರುತ್ತದೆ. ಕಾನೂನುಬದ್ಧ ಪಾಲಕನೇ ಮಗುವನ್ನು ಒಯ್ದರೆ ಸಾಮಾನ್ಯವಾಗಿ ‘ಪಾಲಕರಿಂದ ಅಪಹರಣ’ ಆಗುವುದಿಲ್ಲ. ಅಜ್ಜನಿಂದ ಹಣ ಸುಲಿಗೆ ಮಾಡಿದ ಆರೋಪದ ಕಡೆಗೆ ಪ್ರಕರಣ ತಿರುಗುತ್ತದೆ. ಚಿಕ್ಕಪ್ಪನಾದರೆ ಈ ಗೊಂದಲವಿಲ್ಲ. ಕೆಲಸದವರನ್ನು ಅಪರಾಧಿ ಮಾಡಬೇಡಿ ಎಂದು ನನ್ನ ಕಳಕಳಿ. ಓದುಗ ಹಾಗೆಂದೇ ಊಹಿಸುತ್ತಾನೆ, ಪೊಲೀಸರೂ ಮೊದಲು ಅಲ್ಲಿಗೇ ಹೋಗುತ್ತಾರೆ, ವಾಚ್‌ಮನ್ ದಂಪತಿಗಳು ಅನುಭವಿಸುವ ಆ ಎರಡು ದಿನವನ್ನು ಬರೆದರೆ ಅದೇ ಕಾದಂಬರಿಯ ಅತ್ಯುತ್ತಮ ಭಾಗವಾದೀತು.

ಕೊನೆಯ ಹಾಲ್ ದೃಶ್ಯದಲ್ಲಿ ನಿಮ್ಮ ಇನ್ಸ್‌ಪೆಕ್ಟರೇ ದೊಡ್ಡ ತೊಂದರೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಪೊಲೀಸ್ ವಶದಲ್ಲಿದ್ದವನು ಬೇರೆಯವರ ಮುಂದೆ ಹೇಳಿದರೂ, ಮ್ಯಾಜಿಸ್ಟ್ರೇಟರ ಸಮ್ಮುಖವಿಲ್ಲದಿದ್ದರೆ ಆಗದು. ಪ್ರಾಧ್ಯಾಪಕರ ಮುಂದೆ, ಪೊಲೀಸರಿಲ್ಲದಾಗ, ತಾನಾಗಿ ಹೇಳಿಕೊಂಡರೆ ಅದಕ್ಕೆ ಬೆಲೆಯಿದೆ, ದುರ್ಬಲ ಬೆಲೆ. ಹಾಗಾಗಿ ಇನ್ಸ್‌ಪೆಕ್ಟರರನ್ನು ಹೊರಗೆ ಜೀಪಿನಲ್ಲಿ ಕೂರಿಸಿ. ವಶಕ್ಕೆ ಪಡೆದ ಮೇಲೆ ಅವನ ಮಾತಿನಿಂದಾಗಿ ಹೊಸ ವಸ್ತುವೊಂದು ಸಿಕ್ಕರೆ, ಉದಾಹರಣೆಗೆ ಅವನು ಬಚ್ಚಿಟ್ಟ ಎರಡನೇ ಫೋನು, ಸಿಕ್ಕಿದ್ದಕ್ಕೆ ನೇರ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಇಬ್ಬರು ಪಂಚರು, ವಿಡಿಯೊ ಚಿತ್ರೀಕರಣ, ಮಳೆಯಲ್ಲಿ ನೆನೆಯುತ್ತಾ ಹಿತ್ತಲಿನ ನೀರಿನ ಟ್ಯಾಂಕಿನ ಕಡೆ ನಡೆಯುವ ಮೆರವಣಿಗೆ. ಹಾಲ್ ದೃಶ್ಯಕ್ಕಿಂತ ಇದು ಚೆನ್ನಾಗಿರುತ್ತದೆ.

ಈಗ 1975ರ ಮಾತು. ಹೋಗಬಹುದು, ಆದರೆ ಅಲ್ಲಿ ಬೇರೆ ಬಾವಿಗಳಿವೆ. 1975ರ ಜುಲೈ ಎಂದರೆ ತುರ್ತು ಪರಿಸ್ಥಿತಿ ಘೋಷಣೆಯಾಗಿ ಕೆಲವೇ ದಿನ. ಪತ್ರಿಕೆಗಳ ಮೇಲೆ ಸೆನ್ಸಾರ್, ಅದು ಕಥೆಯಲ್ಲಿ ಬಾರದಿದ್ದರೆ ಹಿರಿಯ ಓದುಗರು ಪುಸ್ತಕ ಮುಚ್ಚುತ್ತಾರೆ. 364ಎ ಕಲಮು ಬಂದದ್ದು 1993ರಲ್ಲಿ, ಆಗ ಅದಿರಲಿಲ್ಲ. ಐನೂರರ ನೋಟು ಬಂದದ್ದು 1987ರಲ್ಲಿ. ಎಕ್ಸ್‌ಪ್ರೆಸ್‌ವೇ ಪೂರ್ತಿಯಾದದ್ದು 2002ರಲ್ಲಿ, ಆದರೆ ಘಾಟಿಯ ಅಮೃತಾಂಜನ್ ಸೇತುವೆ 1975ರಲ್ಲೂ ಇತ್ತು. (ಇಂದಿನ ಕಥೆಯಲ್ಲಿ ಅದನ್ನು ತರಬೇಡಿ, 2020ರ ಏಪ್ರಿಲ್‌ನಲ್ಲಿ ಕೆಡವಿದ್ದಾರೆ.) ಟ್ರಂಕ್ ಕಾಲ್ ಇದ್ದರೆ ಆಪರೇಟರ್ ಮಾತು ಕೇಳಿಸಿಕೊಳ್ಳಬಹುದು, ಅದು ಒಳ್ಳೆಯ ಸಾಧ್ಯತೆಯೇ. ಆದರೂ ಫಾಸ್ಟ್ಯಾಗು, ಇನ್ವರ್ಟರು, ಟವರು ಎಲ್ಲವನ್ನೂ ಕಳೆದುಕೊಂಡು ಹೋಗಿ ಸಿಗುವುದು ಆಪರೇಟರ್ ಒಬ್ಬರೇ ಎಂದಾದರೆ ವ್ಯಾಪಾರ ಗಿಟ್ಟುವುದಿಲ್ಲ.

ಇನ್ನೊಂದು ದಾರಿ, ಬಂಗಲೆಯನ್ನು ಖಂಡಾಲಾದಿಂದ ಪವನಾ ಅಣೆಕಟ್ಟಿನ ಕಡೆಯ ಹಳ್ಳಿಗೆ ಸರಿಸುವುದು. ಖಂಡಾಲಾ ಲೋನಾವಾಲಾ ನಗರಪರಿಷತ್ತಿನೊಳಗಿದೆ. ಹಳ್ಳಿಯಾದರೆ ಪೊಲೀಸ್ ಪಾಟೀಲರು (ಊರಿನ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುವ ಗ್ರಾಮದ ಅಧಿಕಾರಿ) ಬರುತ್ತಾರೆ, ಯಾರ ಬಂಗಲೆಗೆ ಯಾವ ಕಾರು ಎಷ್ಟು ಹೊತ್ತಿಗೆ ಬಂತೆಂದು ಹಾಲಿನವನಿಗೂ ಗೊತ್ತಿರುತ್ತದೆ. ಲಾಭ ಅದು. ನಷ್ಟವೆಂದರೆ ಕಣಿವೆಯಂಚಿನ ಟವರಿನ ಚಮತ್ಕಾರ ಕೈಬಿಟ್ಟುಹೋಗುತ್ತದೆ, ಮರಾಠಿ ಮಾತನಾಡದ ಪ್ರಾಧ್ಯಾಪಕರು ಅಲ್ಲಿ ಮೂಕರಾಗುತ್ತಾರೆ. ಪೊಲೀಸರನ್ನು ಮೊದಲ ದಿನವೇ ಒಳಗೆ ತರುವುದು ಮೂರನೆಯ ದಾರಿ: ಪುಣೆ ಗ್ರಾಮೀಣ ಪೊಲೀಸರ ಸ್ಥಳೀಯ ಅಪರಾಧ ಶಾಖೆಯವರು ಮಫ್ತಿಯಲ್ಲಿ, ಅಡುಗೆಯವರ ನೆಂಟರಂತೆ ಬಂದು ಕೂರುತ್ತಾರೆ. ಅವರು ಹೊರಗನ್ನು ಹುಡುಕಲಿ, ಪ್ರಾಧ್ಯಾಪಕರು ಒಳಗನ್ನು ನೋಡಲಿ. ನನಗೆ ಕೇಳಿದರೆ ಇದನ್ನೇ ಹಿಡಿಯಿರಿ ಎನ್ನುತ್ತೇನೆ. ಇದರಲ್ಲಿ ಅಪಾಯ ಒಂದೇ, ಪೊಲೀಸರು ಪೆದ್ದರಂತೆ ಕಾಣಬಾರದು. ಟವರಿನ ದಾಖಲೆ ನಂಬಿ ಅವರು ಖೋಪೋಲಿಗೆ ಹೋದದ್ದು ಸರಿಯಾದ ಹೆಜ್ಜೆಯಾಗಿಯೇ ಕಾಣಬೇಕು.

ಹಸ್ತಪ್ರತಿಗೆ ಕೈ ಹಾಕುವ ಮೊದಲು ಒಂದು ಹಾಳೆಯಲ್ಲಿ ಮನೆಯ ಎಂಟೂ ಜನರ ಹೆಸರು ಬರೆದು, ಎದುರಿಗೆ ಐದು ಖಾನೆ ಗೆರೆ ಹಾಕಿ: ಮಲಗುವ ಕೋಣೆ, ಮೇನ್ ಸ್ವಿಚ್ಚು, ನಗದು, ಕಾರಿನ ಕೀಲಿ, ಹುಡುಗ ಯಾರು ಕರೆದರೆ ಹೋಗುತ್ತಾನೆ. ಯಾರಿಗೆ ಯಾವುದು, ಯಾವಾಗ, ಯಾರಿಂದ ಗೊತ್ತಾಯಿತೆಂದು ತುಂಬಿ. ಐದೂ ತುಂಬಿದ ಹೆಸರು ಒಂದೇ ಇರಬೇಕು, ನಾಲ್ಕು ತುಂಬಿದವು ಕನಿಷ್ಠ ಎರಡಿರಬೇಕು. ಅಜ್ಜನ ಫೋನಿಗೆ ಬಂದ ಆ ಟೋಲಿನ ಸಂದೇಶವನ್ನು ಎರಡನೇ ಅಧ್ಯಾಯದಲ್ಲೇ, ಬ್ಯಾಂಕಿನ ಸಾಲದ ಜಾಹೀರಾತು ಮತ್ತು ಮೊಮ್ಮಗನ ಶಾಲೆಯ ಫೀಸು ನೆನಪಿಸುವ ಸಂದೇಶದ ನಡುವೆ ಇಟ್ಟುಬಿಡಿ.